ಸವಾರನ ಸಂಯಮ: ಅಶ್ವಶಿಕ್ಷಣದ ಇತಿಹಾಸದಿಂದ ಒಂದು ಪಾಠ

ಇಂದ್ರಿಯಗಳನ್ನು ಕುದುರೆಗಳಿಗೂ ಮನಸ್ಸನ್ನು ಕಡಿವಾಣಕ್ಕೂ ಹೋಲಿಸುವ ರೂಢಿ ಭಾರತದ ನೀತಿಸಾಹಿತ್ಯದಲ್ಲಿ ಬಹು ಪ್ರಾಚೀನವಾದುದು. ಪ್ರವಚನಗಳಲ್ಲಿ ಈ ಉಪಮೆಯನ್ನು ಕೇಳದವರು ವಿರಳ. ಕೆರಳಿದ ಕುದುರೆ, ಹಿಡಿತ ತಪ್ಪಿದ ಲಗಾಮು, ಹಳ್ಳಕ್ಕೆ ಬೀಳುವ ಸವಾರ, ಇವೆಲ್ಲ ಕೇಳುಗರ ಮನಸ್ಸಿನಲ್ಲಿ ಥಟ್ಟನೆ ಮೂಡುವ ಚಿತ್ರಗಳು. ಆದರೆ ಉಪಮೆಯ ಆಚೆಗೆ ನಿಜವಾದ ಕುದುರೆಯೊಂದಿದೆ. ಅದಕ್ಕೆ ಬಾಯಿಯುಂಟು, ಬಾಯಿಯಲ್ಲಿ ನೋವುಂಟು, ಭಯವುಂಟು, ನೆನಪುಂಟು. ಲಗಾಮನ್ನು ಬಿಗಿಹಿಡಿದ ಮಾತ್ರಕ್ಕೆ ಅದು ಸ್ವಾಧೀನಕ್ಕೆ ಬರುತ್ತದೆಯೆ ಎಂಬ ಪ್ರಶ್ನೆಯನ್ನು ಉಪಮೆ ಕೇಳುವುದಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕಿದವರು ಲಾಯಗಳಲ್ಲಿ ಬದುಕನ್ನು ಸವೆಸಿದ ಅಶ್ವಶಿಕ್ಷಕರು. ಗ್ರೀಸಿನಲ್ಲಿ ತೊಡಗಿ ಇಟಲಿ, ಫ್ರಾನ್ಸ್, ಆಸ್ಟ್ರಿಯ ದೇಶಗಳಲ್ಲಿ ಬೆಳೆದು ಬಂದ ಅವರ ವಿದ್ಯೆಗೆ ಸುಮಾರು 2400 ವರ್ಷಗಳ ಲಿಖಿತ ದಾಖಲೆಯಿದೆ. ಅವರಲ್ಲಿ ಹೆಚ್ಚಿನವರು ಯೋಧರು, ಅರಸರ ಆಶ್ರಿತರು. ದಯೆಯನ್ನು ಬೋಧಿಸಲು ಹೊರಟವರಲ್ಲ. ಹಾಗಿದ್ದರೂ ಅವರ ಪೈಕಿ ಶ್ರೇಷ್ಠರಾದವರು ತಮ್ಮ ಕೆಲಸದ ಒಳಗಿನಿಂದಲೇ ಒಂದು ನೈತಿಕ ಸತ್ಯದ ಸಮೀಪಕ್ಕೆ ಬಂದರು. ಅದನ್ನು ಮರೆತವರೂ ಉಂಟು, ಮತ್ತೆ ಕಷ್ಟಪಟ್ಟು ಕಲಿತವರೂ ಉಂಟು. ಆ ಕಲಿಕೆಯ ಮತ್ತು ಮರೆವಿನ ಕಥೆ ವಿಚಾರಯೋಗ್ಯವಾದುದು.

ಮೈಕೂಡಿಕೆ ಎಂದರೇನು?

ನಿಂತಿರುವ ಕುದುರೆಯ ದೇಹಭಾರದಲ್ಲಿ ಸುಮಾರು ನೂರಕ್ಕೆ 60 ಪಾಲು ಮುಂಗಾಲುಗಳ ಮೇಲಿರುತ್ತದೆ. ತಲೆಯೂ ಉದ್ದನೆಯ ಕತ್ತೂ ಮುಂದಕ್ಕೆ ಚಾಚಿಕೊಂಡಿರುವುದೇ ಇದಕ್ಕೆ ಮುಖ್ಯ ಕಾರಣ. ಮನುಷ್ಯನಿಗಿರುವ ಕೊರಳೆಲುಬು ಕುದುರೆಗಿಲ್ಲ. ಅದರ ಮುಂಗಾಲುಗಳಿಗೂ ಎದೆಗೂಡಿಗೂ ನಡುವೆ ಎಲುಬಿನ ಕೀಲಿಲ್ಲದ ಕಾರಣ, ಎದೆಗೂಡು ಎರಡು ಭುಜಗಳ ನಡುವೆ ಸ್ನಾಯುಗಳ ಜೋಲಿಯಲ್ಲಿ ತೂಗಿದಂತೆ ಇರುತ್ತದೆ. ಇಂಥ ಪ್ರಾಣಿಯ ಬೆನ್ನಿನ ಮೇಲೆ ಮನುಷ್ಯನು ಏರಿ ಕುಳಿತಾಗ ಹೊಸ ಭಾರದ ಹೆಚ್ಚು ಪಾಲು ಮುಂಗಾಲುಗಳಿಗೇ ಸೇರುತ್ತದೆ. ಶಿಕ್ಷಣವಿಲ್ಲದ ಕುದುರೆ ಆ ಭಾರಕ್ಕೆ ಬೆನ್ನನ್ನು ತಗ್ಗಿಸಿ, ತಲೆಯನ್ನು ಮೇಲೆತ್ತಿ, ಮುಂದಕ್ಕೆ ಮುಗ್ಗರಿಸುವಂತೆ ನಡೆಯುತ್ತದೆ. ವರ್ಷಗಳ ಕಾಲ ಹೀಗೆಯೇ ದುಡಿಸಿದರೆ ಬೆನ್ನೂ ಮುಂಗಾಲುಗಳೂ ಕೆಡುತ್ತವೆ.

ಇದಕ್ಕೆ ಪರಿಹಾರವಾಗಿ ಬೆಳೆದುಬಂದ ವಿದ್ಯೆಯನ್ನು ಇಂಗ್ಲಿಷಿನಲ್ಲಿ ‘ಕಲೆಕ್ಷನ್’ ಎನ್ನುತ್ತಾರೆ. ಕುದುರೆ ತನ್ನ ಮೈಯನ್ನು ತಾನೇ ಒಟ್ಟುಗೂಡಿಸಿಕೊಳ್ಳುವುದು ಎಂಬುದು ಅದರ ಭಾವ. ಇಲ್ಲಿ ಅದನ್ನು ‘ಮೈಕೂಡಿಕೆ’ ಎಂದು ಕರೆಯಬಹುದು. ಭಾರದ ಮೂಟೆಯನ್ನು ಎತ್ತುವ ಹಮಾಲಿಯು ಮೊಣಕಾಲು ಮಡಿಸಿ, ಸೊಂಟವನ್ನು ತಗ್ಗಿಸಿ, ಭಾರವನ್ನು ತನ್ನ ಕೆಳಗೆ ತಂದುಕೊಳ್ಳುವಂತೆ, ಕುದುರೆಯೂ ಹಿಂಗಾಲುಗಳ ಕೀಲುಗಳನ್ನು ಮಡಿಸಿ ಹೊಟ್ಟೆಯ ಕೆಳಗೆ ಹೆಜ್ಜೆಯಿಡುತ್ತದೆ. ಆಗ ಪೃಷ್ಠಭಾಗ ತಗ್ಗುತ್ತದೆ, ಬೆನ್ನು ಏರುತ್ತದೆ, ಎದೆಗೂಡು ಭುಜಗಳ ನಡುವೆ ಮೇಲೇಳುತ್ತದೆ, ಕತ್ತು ತಾನಾಗಿ ಕಮಾನಾಗುತ್ತದೆ. ಹೆಜ್ಜೆಗಳು ಗಿಡ್ಡವಾಗಿ ಎತ್ತರವಾಗುತ್ತವೆಯೇ ಹೊರತು ಅವುಗಳ ಚೈತನ್ಯ ಕುಂದುವುದಿಲ್ಲ. ಬಯಲಿನಲ್ಲಿ ಬಿಟ್ಟ ಕುದುರೆ ಇನ್ನೊಂದು ಕುದುರೆಯ ಮುಂದೆ ಠೀವಿಯಿಂದ ನಡೆಯುವಾಗ ಯಾರೂ ಕಲಿಸದೆಯೇ ಇದನ್ನು ಮಾಡುತ್ತದೆ. ಬೆನ್ನ ಮೇಲೆ ಭಾರ ಹೊತ್ತು, ಕೇಳಿದಾಗ ಮಾಡುವಂತೆ ಅದರ ಸ್ನಾಯುಗಳನ್ನೂ ಮನಸ್ಸನ್ನೂ ಹದಗೊಳಿಸುವುದೇ ಶಿಕ್ಷಕನ ಕೆಲಸ.

ಇದನ್ನು ಸಾಧಿಸಲು ಎರಡು ದಾರಿಗಳು ಕಾಣುತ್ತವೆ. ಒಂದು ಹಿಂದಿನಿಂದ ಮುಂದಕ್ಕೆ ಬರುವ ದಾರಿ. ಹಿಂಗಾಲುಗಳಿಗೆ ಕ್ರಮವಾದ ವ್ಯಾಯಾಮ ಕೊಟ್ಟು, ಬೆನ್ನನ್ನು ಬಲಪಡಿಸಿ, ಕತ್ತು ತಾನಾಗಿ ಬಾಗುವುದನ್ನು ಕಾಯುವುದು. ಇದಕ್ಕೆ ವರ್ಷಗಳು ಹಿಡಿಯುತ್ತವೆ. ಇನ್ನೊಂದು ಮುಂದಿನಿಂದ ಹಿಂದಕ್ಕೆ ಹೋಗುವ ದಾರಿ. ಲಗಾಮನ್ನು ಜಗ್ಗಿ ತಲೆಯನ್ನು ಎದೆಯತ್ತ ಎಳೆದುಬಿಟ್ಟರೆ ಕತ್ತು ಆ ಕ್ಷಣದಲ್ಲೇ ಬಾಗುತ್ತದೆ. ತಿಳಿಯದವರ ಕಣ್ಣಿಗೆ ಎರಡೂ ಒಂದೇ. ಆದರೆ ಎರಡನೆಯದರಲ್ಲಿ ಬೆನ್ನು ಕುಸಿದಿರುತ್ತದೆ, ಹಿಂಗಾಲುಗಳು ಹಿಂದೆಯೇ ಎಳೆದಾಡುತ್ತವೆ. ಕಬ್ಬಿಣದ ಕಡಿವಾಣ ಕೂರುವ ಜಾಗವಾದರೋ ಮುಂಹಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವಿನ ತೆರಪು. ಅಲ್ಲಿ ಎಲುಬಿನ ಮೇಲೆ ತೆಳ್ಳನೆಯ ಪೊರೆಯಷ್ಟೇ ಇದೆ. ಹೀಗೆ ಬಾಗಿದ ಕತ್ತು ನೋವಿನಿಂದ ತಪ್ಪಿಸಿಕೊಳ್ಳಲು ಕುದುರೆ ಕಂಡುಕೊಂಡ ಉಪಾಯ ಮಾತ್ರ.

ಕ್ಸೆನೊಫೋನನ ಗ್ರಂಥ

ಅಶ್ವಾರೋಹಣವನ್ನು ಕುರಿತು ಯುರೋಪಿನಲ್ಲಿ ಪೂರ್ಣವಾಗಿ ಉಳಿದುಬಂದಿರುವ ಅತ್ಯಂತ ಹಳೆಯ ಗ್ರಂಥ ಅಥೆನ್ಸಿನ ಕ್ಸೆನೊಫೋನನದು. ಸಾಕ್ರಟೀಸನ ಶಿಷ್ಯನೂ ಸೇನಾನಿಯೂ ಆಗಿದ್ದ ಈತ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಇದನ್ನು ರಚಿಸಿದನು. ಅಂದಿನ ಗ್ರೀಕರಿಗೆ ಇಂದಿನಂಥ ಜೀನು ಇರಲಿಲ್ಲ, ರಿಕಾಪು ಇರಲಿಲ್ಲ. ಬರಿಯ ಬೆನ್ನಿನ ಮೇಲೆ ಅಥವಾ ಒಂದು ಬಟ್ಟೆಯ ಮೇಲೆ ಕುಳಿತು ಯುದ್ಧ ಮಾಡಬೇಕಾಗಿತ್ತು. ಕುದುರೆ ಒಲ್ಲದಿದ್ದರೆ ಸವಾರನು ಉಳಿಯುವ ಸಂಭವವೇ ಕಡಿಮೆ.

ತನಗಿಂತ ಹಿಂದಿನ ಸಿಮೋನ್ ಎಂಬ ಶಿಕ್ಷಕನ ಅಭಿಪ್ರಾಯವನ್ನು ಕ್ಸೆನೊಫೋನ್ ಗೌರವದಿಂದ ಸ್ಮರಿಸುತ್ತಾನೆ. ಬಲಾತ್ಕಾರದಿಂದ ಮಾಡಿಸಿದುದನ್ನು ಕುದುರೆ ಅರ್ಥಮಾಡಿಕೊಂಡಿರುವುದಿಲ್ಲ, ಅದರಲ್ಲಿ ಸೌಂದರ್ಯವೂ ಇರುವುದಿಲ್ಲ ಎಂಬುದು ಆ ಅಭಿಪ್ರಾಯದ ಸಾರ. ಚಾವಟಿಯಿಂದ ಹೊಡೆದು ನರ್ತಕನನ್ನು ಕುಣಿಸಿದರೆ ಹೇಗಿರುತ್ತದೆಯೋ ಇದೂ ಹಾಗೆಯೇ ಎಂದು ಅಲ್ಲಿ ಹೋಲಿಕೆ ಬರುತ್ತದೆ. ಸಡಿಲವಾದ ಲಗಾಮಿನಲ್ಲಿ ತಲೆಯೆತ್ತಿ ಕತ್ತು ಬಾಗಿಸಿ ನಡೆಯುವುದನ್ನು ಕಲಿಸಿದರೆ, ಕುದುರೆ ತಾನೇ ಹೆಮ್ಮೆಯಿಂದ ಮಾಡುವುದನ್ನೇ ಮಾಡಿಸಿದಂತಾಗುತ್ತದೆ ಎಂಬುದು ಅವನ ತಿಳುವಳಿಕೆ. ಹೇಳಿದಂತೆ ನಡೆದೊಡನೆ ವಿಶ್ರಾಂತಿಯನ್ನು ಕೊಡಬೇಕೆಂದೂ, ಕೋಪ ಬಂದಿರುವಾಗ ಕುದುರೆಯ ಬಳಿಗೆ ಹೋಗಲೇಬಾರದೆಂದೂ ಅವನು ವಿಧಿಸುತ್ತಾನೆ. ಕೋಪಕ್ಕೆ ಮುಂದಾಲೋಚನೆ ಇಲ್ಲ. ಕೋಪದಲ್ಲಿ ಮಾಡಿದುದಕ್ಕೆ ಅನಂತರ ಪಶ್ಚಾತ್ತಾಪ ಪಡಬೇಕಾಗುತ್ತದೆ ಎಂಬುದು ಅವನು ಕೊಡುವ ಕಾರಣ.

ಕ್ಸೆನೊಫೋನನನ್ನು ಅಹಿಂಸಾವಾದಿ ಎಂದು ಕರೆಯುವುದು ಸಲ್ಲದು. ಬೇಟೆಯನ್ನು ಮೆಚ್ಚಿ ಗ್ರಂಥ ಬರೆದವನು ಅವನು. ಮುಳ್ಳುಗಳುಳ್ಳ ಒರಟು ಕಡಿವಾಣವನ್ನೂ ಅವನು ಬಳಸುತ್ತಿದ್ದನು. ಅದರ ಅನುಭವವಾದ ಕುದುರೆಗೆ ಆಮೇಲೆ ನಯವಾದುದು ಹಿತವೆನಿಸುತ್ತದೆ ಎಂಬುದು ಅವನ ವಾದ. ಆದರೂ ಭಯದಿಂದ ಹುಟ್ಟಿದ ವಿಧೇಯತೆಗೂ ತಿಳಿದು ಮಾಡುವ ಕೆಲಸಕ್ಕೂ ಇರುವ ಅಂತರವನ್ನು ಅವನು ಸ್ಪಷ್ಟವಾಗಿ ಕಂಡಿದ್ದನೆಂಬುದರಲ್ಲಿ ಸಂದೇಹವಿಲ್ಲ.

ನೇಪಲ್ಸಿನ ಕಾಠಿಣ್ಯ

ಸುಮಾರು 1900 ವರ್ಷಗಳ ಅನಂತರ, 1550ರಲ್ಲಿ, ಇಟಲಿಯ ನೇಪಲ್ಸ್ ನಗರದ ಶ್ರೀಮಂತ ಫೆದೆರಿಕೊ ಗ್ರಿಸೋನೆ ಅಶ್ವಾರೋಹಣದ ನಿಯಮಗಳನ್ನು ಕುರಿತ ತನ್ನ ಗ್ರಂಥವನ್ನು ಅಚ್ಚು ಹಾಕಿಸಿದನು. ಅದು ಕೆಲವೇ ದಶಕಗಳಲ್ಲಿ ಫ್ರೆಂಚ್, ಜರ್ಮನ್, ಇಂಗ್ಲಿಷ್ ಮುಂತಾದ ಭಾಷೆಗಳಿಗೆ ಹೋಯಿತು. ಮೈಕೂಡಿಕೆಯನ್ನು ಕ್ರಮಬದ್ಧವಾದ ಶಾಸ್ತ್ರವಾಗಿಸಲು ಯತ್ನಿಸಿದ ಕೀರ್ತಿ ಅವನಿಗೆ ಸಲ್ಲಬೇಕು. ಕುದುರೆಯನ್ನು ತಟ್ಟಿ ಮುದ್ದಿಸಬೇಕೆಂಬ ಮಾತೂ ಅವನಲ್ಲಿದೆ.

ಆದರೆ ಅದೇ ಪುಟಗಳಲ್ಲಿ ಮೊಂಡು ಕುದುರೆಗಾಗಿ ಹೇಳಿರುವ ಉಪಾಯಗಳು ಓದುಗರನ್ನು ತಲ್ಲಣಗೊಳಿಸುತ್ತವೆ. ಕೋಲಿನ ತುದಿಗೆ ಬೆಕ್ಕನ್ನು ಕಟ್ಟಿ ಕುದುರೆಯ ಹಿಂಗಾಲುಗಳ ನಡುವೆ ಒಡ್ಡುವುದು, ಉರಿಯುವ ಹುಲ್ಲನ್ನು ಹಿಂದೆ ಹಿಡಿಯುವುದು, ತಲೆಯ ಮೇಲೆ ಹೊಡೆಯುವುದು ಇವೆಲ್ಲ ಅವುಗಳಲ್ಲಿ ಸೇರಿವೆ. ಉದ್ದನೆಯ ಸನ್ನೆಗಳುಳ್ಳ ಭಾರವಾದ ಕಡಿವಾಣಗಳ ಚಿತ್ರಗಳೂ ಆ ಕಾಲದ ಗ್ರಂಥಗಳಲ್ಲಿ ಪುಟಪುಟಗಳಷ್ಟಿವೆ. ಕುದುರೆ ಕೇಳಿದಂತೆ ನಡೆಯದಿದ್ದರೆ ಅದು ಅದರ ದುಷ್ಟತನವೆಂದು ಗ್ರಹಿಸಿದ್ದೇ ಇದಕ್ಕೆ ಮೂಲ. ಅದಕ್ಕೆ ತಿಳಿದಿಲ್ಲದಿರಬಹುದು, ಶಕ್ತಿ ಸಾಲದಿರಬಹುದು, ಎಲ್ಲಿಯೋ ನೋಯುತ್ತಿರಬಹುದು ಎಂಬ ಅನುಮಾನಕ್ಕೆ ಅಲ್ಲಿ ಎಡೆ ಕಡಿಮೆ. ಎದುರಾಳಿಯ ಮನಸ್ಸಿನಲ್ಲಿ ದ್ವೇಷವನ್ನು ಕಲ್ಪಿಸಿಕೊಂಡಲ್ಲಿ ಹಿಂಸೆಗೆ ನ್ಯಾಯದ ವೇಷ ದೊರಕಿಬಿಡುತ್ತದೆ. ಇದು ಕುದುರೆಲಾಯಕ್ಕೆ ಮಾತ್ರ ಸೀಮಿತವಾದ ದೋಷವಲ್ಲ.

ಅರಸನ ಗುರು

ಈ ನೇಪಲ್ಸಿನಲ್ಲಿಯೇ ಪಿನ್ಯಾತೆಲ್ಲಿ ಎಂಬ ಗುರುವಿನ ಬಳಿ ಕಲಿತು ಫ್ರಾನ್ಸಿಗೆ ಮರಳಿದವನು ಅಂತ್ವಾನ್ ದ ಪ್ಲುವಿನೆಲ್. 1594ರಲ್ಲಿ ಅವನು ಪ್ಯಾರಿಸ್ಸಿನಲ್ಲಿ ಸ್ಥಾಪಿಸಿದ ಶಾಲೆಯಲ್ಲಿ ಶ್ರೀಮಂತರ ಮಕ್ಕಳಿಗೆ ಸವಾರಿಯ ಜೊತೆಗೆ ನೃತ್ಯ, ಗಣಿತ ಮುಂತಾದ ವಿದ್ಯೆಗಳನ್ನೂ ಕಲಿಸಲಾಗುತ್ತಿತ್ತು. ಮುಂದೆ ಫ್ರಾನ್ಸಿನ ಪ್ರಧಾನಿಯಾದ ರಿಷೆಲ್ಯೂ ಅಲ್ಲಿನ ವಿದ್ಯಾರ್ಥಿಯಾಗಿದ್ದನು. ಬಾಲಕ ದೊರೆ ಹದಿಮೂರನೆಯ ಲೂಯಿಗೆ ಸವಾರಿ ಕಲಿಸಿದವನೂ ಪ್ಲುವಿನೆಲ್ಲನೇ. 1620ರಲ್ಲಿ ತೀರಿಕೊಂಡ ಅವನ ಉಪದೇಶಗಳು 1625ರಲ್ಲಿ ದೊರೆಗೂ ಗುರುವಿಗೂ ನಡೆಯುವ ಸಂವಾದದ ರೂಪದಲ್ಲಿ ಗ್ರಂಥವಾಗಿ ಹೊರಬಂದವು.

ಆ ಸಂವಾದದಲ್ಲಿ ಗುರುವು ಕುದುರೆಯ ಮೈಗಿಂತ ಹೆಚ್ಚಾಗಿ ಅದರ ಬುದ್ಧಿಗೆ ಕೆಲಸ ಕೊಡಬೇಕೆಂದು ತಿಳಿಸುತ್ತಾನೆ. ಎಳೆಯ ಕುದುರೆಯ ಸಹಜವಾದ ಸೊಗಸನ್ನು ಅವನು ಹಣ್ಣಿನ ಮೇಲಿನ ನವಿರಾದ ಪುಡಿಗೆ ಹೋಲಿಸುತ್ತಾನೆ. ಒರಟು ಕೈ ತಾಗಿ ಒಮ್ಮೆ ಅಳಿಸಿದರೆ ಅದು ಮತ್ತೆ ಬಾರದು. ಪ್ಲುವಿನೆಲ್ ಚಾವಟಿಯನ್ನು ಪೂರ್ಣವಾಗಿ ತ್ಯಜಿಸಿದವನಲ್ಲ. ಎರಡು ಕಂಬಗಳ ನಡುವೆ ಕುದುರೆಯನ್ನು ಕಟ್ಟಿ ಕಲಿಸುವ ಅವನ ಪದ್ಧತಿ ದುಡುಕಿನವರ ಕೈಯಲ್ಲಿ ಕ್ರೂರವಾಗಬಲ್ಲುದು. ಆದರೆ ದಂಡನೆಯನ್ನು ಅಪರೂಪವಾಗಿಸಿ ಮೆಚ್ಚುಗೆಯನ್ನು ಉದಾರವಾಗಿಸಿದ ಅವನ ಕ್ರಮ ಕಾಲದ ವಾತಾವರಣಕ್ಕೆ ಹೊಸದಾಗಿತ್ತು. ಮುಂದೆ ಪ್ರಜೆಗಳನ್ನು ಆಳಬೇಕಾದ ಬಾಲಕನಿಗೆ ಇದನ್ನು ಹೇಳಿಕೊಟ್ಟುದು ಗಮನಾರ್ಹ.

ಕುದುರೆಗೆ ಬುದ್ಧಿಯುಂಟೆ?

ಇಂಗ್ಲೆಂಡಿನ ವಿಲಿಯಂ ಕ್ಯಾವೆಂಡಿಷ್, ಮುಂದೆ ನ್ಯೂಕಾಸಲ್ಲಿನ ಡ್ಯೂಕ್ ಆದವನು, ಅಂತರ್ಯುದ್ಧದಲ್ಲಿ ಸೋತು ದೇಶಭ್ರಷ್ಟನಾಗಿ ಪ್ಯಾರಿಸ್ಸಿಗೂ ಅಲ್ಲಿಂದ ಆಂಟ್‌ವರ್ಪ್ ನಗರಕ್ಕೂ ಹೋದನು. ಆಂಟ್‌ವರ್ಪಿನಲ್ಲಿ ಚಿತ್ರಕಾರ ರೂಬೆನ್ಸನು ಬಾಳಿದ ಮನೆಯನ್ನು ಬಾಡಿಗೆಗೆ ಹಿಡಿದು ಅಶ್ವಶಾಲೆ ನಡೆಸಿದನು. 1658ರಲ್ಲಿ ಅವನ ಗ್ರಂಥ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾಯಿತು.

ಇದಕ್ಕೆ ಹಿಂದೆಯೇ ತತ್ತ್ವಜ್ಞಾನಿ ದೆಕಾರ್ತನಿಗೂ ಅವನಿಗೂ ಪತ್ರವ್ಯವಹಾರವಿತ್ತು. 1646ರ ನವೆಂಬರ್ 23ರಂದು ಅವನಿಗೆ ಬರೆದ ಪತ್ರದಲ್ಲಿ ದೆಕಾರ್ತನು ಪ್ರಾಣಿಗಳಿಗೆ ಆಲೋಚನೆಯಿಲ್ಲವೆಂಬ ತನ್ನ ಮತವನ್ನು ಮಂಡಿಸಿದನು. ಗಡಿಯಾರವು ಮನುಷ್ಯನಿಗಿಂತ ಚೆನ್ನಾಗಿ ವೇಳೆ ತಿಳಿಸುವಂತೆ ಪ್ರಾಣಿಗಳು ಕೆಲವು ಕೆಲಸಗಳನ್ನು ಮನುಷ್ಯನಿಗಿಂತ ಚೆನ್ನಾಗಿ ಮಾಡಬಹುದು. ಆದರೆ ಮಾತಿಲ್ಲದ ಕಾರಣ ಆಲೋಚನೆಯೂ ಇಲ್ಲ ಎಂಬುದು ಅವನ ನಿಲುವು. ದಿನವೂ ಕುದುರೆಗಳೊಡನೆ ಕಾಲ ಕಳೆಯುತ್ತಿದ್ದ ಕ್ಯಾವೆಂಡಿಷನಿಗೆ ಇದು ಒಪ್ಪಿಗೆಯಾಗಲಿಲ್ಲ. ಕುದುರೆ ನೆನಪಿಟ್ಟುಕೊಳ್ಳುತ್ತದೆ, ಹೋಲಿಸಿ ನೋಡುತ್ತದೆ, ನಿರ್ಣಯಿಸುತ್ತದೆ. ಮನುಷ್ಯನ ಮಾತು ಅದಕ್ಕಿಲ್ಲವೆಂದ ಮಾತ್ರಕ್ಕೆ ಬುದ್ಧಿಯೇ ಇಲ್ಲವೆನ್ನುವುದು ತಪ್ಪು ಎಂಬ ಅಭಿಪ್ರಾಯವನ್ನು ಅವನು ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು.

ವಾದದಲ್ಲಿ ಕ್ಯಾವೆಂಡಿಷನ ಪಕ್ಷವೇ ಸರಿಯೆಂದು ಮುಂದಿನ ವಿಜ್ಞಾನ ತೋರಿಸಿಕೊಟ್ಟಿತು. ಆದರೆ ಈ ತಿಳುವಳಿಕೆಯಿಂದ ಅವನು ಮೃದುವಾದನೆಂದು ಹೇಳಲಾಗದು. ಬುದ್ಧಿಯಿರುವುದರಿಂದಲೇ ಕುದುರೆಗೆ ಭಯವೂ ತಿಳಿಯುತ್ತದೆ, ಪ್ರೀತಿಗಿಂತ ಭಯವೇ ಹೆಚ್ಚು ನಂಬಿಕೆಗೆ ಅರ್ಹವಾದ ಸಾಧನ ಎಂಬುದು ಅವನ ತೀರ್ಮಾನವಾಗಿತ್ತು. ಜೀವವೊಂದಕ್ಕೆ ಚೇತನವುಂಟೆಂದು ಬಲ್ಲವನು ಅದನ್ನು ನೋಯಿಸದಿರುತ್ತಾನೆ ಎಂಬ ಭರವಸೆಯಿಲ್ಲ. ಆ ಜ್ಞಾನವನ್ನೇ ಆಯುಧವಾಗಿ ಬಳಸುವುದೂ ಸಾಧ್ಯ.

ಸಡಿಲಿಸುವ ಕೈ

ಕ್ಯಾವೆಂಡಿಷನ ವಿದ್ಯೆಯಲ್ಲಿದ್ದ ಸತ್ತ್ವವನ್ನು ಉಳಿಸಿಕೊಂಡು ಅದರ ಒರಟುತನವನ್ನು ತೊಡೆದವನು ಫ್ರಾನ್ಸಿನ ಲಾ ಗೆರಿನಿಯೇರ್ (1688–1751). ಪ್ಯಾರಿಸ್ಸಿನ ತುಯಿಲೆರಿ ಅರಮನೆಯ ಅಶ್ವಶಾಲೆಯ ಮುಖ್ಯಸ್ಥನಾಗಿದ್ದ ಅವನ ಗ್ರಂಥ 1733ರಲ್ಲಿ ಪೂರ್ಣರೂಪದಲ್ಲಿ ಪ್ರಕಟವಾಯಿತು. ಕ್ಯಾವೆಂಡಿಷ್ ಕುದುರೆಯನ್ನು ಕಿರಿದಾದ ವೃತ್ತದಲ್ಲಿ ತಿರುಗಿಸುತ್ತಿದ್ದನು. ಅದರಿಂದ ಭಾರ ಮುಂಗಾಲುಗಳ ಮೇಲೆಯೇ ಬೀಳುತ್ತದೆ ಎಂದು ಗಮನಿಸಿದ ಲಾ ಗೆರಿನಿಯೇರ್, ಅದೇ ಬಾಗನ್ನು ಗೋಡೆಯ ಪಕ್ಕದ ನೇರ ದಾರಿಗೆ ತಂದನು. ಕುದುರೆಯ ಮೈ ಸವಾರನ ಒಳಗಾಲಿನ ಸುತ್ತ ಮೆಲ್ಲಗೆ ಬಾಗಿರುತ್ತದೆ; ಭುಜಗಳು ಗೋಡೆಯಿಂದ ಒಳಕ್ಕೆ ಸರಿದಿರುತ್ತವೆ. ಹೀಗೆ ನಡೆಯುವಾಗ ಒಳಬದಿಯ ಹಿಂಗಾಲು ಪ್ರತಿ ಹೆಜ್ಜೆಗೂ ಹೊಟ್ಟೆಯ ಕೆಳಗೆ ಬಂದು ಭಾರವನ್ನು ಹೊರಲೇಬೇಕಾಗುತ್ತದೆ. ಎರಡೂ ದಿಕ್ಕುಗಳಲ್ಲಿ ದಿನವೂ ಸ್ವಲ್ಪ ಹೊತ್ತು ಮಾಡಿಸಿದ ಈ ಅಭ್ಯಾಸದಿಂದ ಕುದುರೆಯ ಹಿಂಗಾಲುಗಳು ಬಲಿಯುತ್ತವೆ, ಭುಜಗಳು ಹಗುರಾಗುತ್ತವೆ. ಇಂದಿಗೂ ಮೈಕೂಡಿಕೆಯ ಶಿಕ್ಷಣದಲ್ಲಿ ಇದಕ್ಕಿಂತ ಮಿಗಿಲಾದ ವ್ಯಾಯಾಮವಿಲ್ಲವೆಂದು ಬಲ್ಲವರು ಭಾವಿಸುತ್ತಾರೆ.

ಲಾ ಗೆರಿನಿಯೇರ್ ವಿವರಿಸಿದ ಇನ್ನೊಂದು ಕ್ರಮ ಇದಕ್ಕಿಂತಲೂ ಅರ್ಥಪೂರ್ಣವಾದುದು. ಫ್ರೆಂಚಿನಲ್ಲಿ ಅದಕ್ಕೆ ‘ಕೈಯನ್ನು ಇಳಿಸುವುದು’ ಎಂಬರ್ಥದ ಹೆಸರಿದೆ. ಕುದುರೆ ಮೈಕೂಡಿಸಿಕೊಂಡು ಚೆನ್ನಾಗಿ ನಡೆಯುತ್ತಿರುವ ಕ್ಷಣದಲ್ಲಿ ಸವಾರನು ಕೈಯನ್ನು ತಗ್ಗಿಸಿ ಲಗಾಮನ್ನು ಸಡಿಲಗೊಳಿಸಬೇಕು. ಮೈಕೂಡಿಕೆ ನಿಜವಾದುದಾದರೆ ಕುದುರೆ ಕೆಲವು ಹೆಜ್ಜೆಗಳವರೆಗೆ ಅದೇ ಭಂಗಿಯಲ್ಲಿ, ಅದೇ ಲಯದಲ್ಲಿ ತಾನಾಗಿಯೇ ಮುಂದುವರಿಯುತ್ತದೆ. ಸುಳ್ಳಾದುದಾದರೆ ಆ ಕ್ಷಣವೇ ತಲೆಯನ್ನು ಚಾಚುತ್ತದೆ, ಮುಂದಕ್ಕೆ ಬೀಳುತ್ತದೆ ಅಥವಾ ಓಡತೊಡಗುತ್ತದೆ.

ಈ ಸಡಿಲಿಕೆ ಕುದುರೆಗೆ ಬಹುಮಾನವೂ ಹೌದು, ಸವಾರನಿಗೆ ಪರೀಕ್ಷೆಯೂ ಹೌದು. ಪ್ರಾಣಿಗಳ ಕಲಿಕೆಯನ್ನು ಅಭ್ಯಸಿಸಿದ ಇಂದಿನ ವಿಜ್ಞಾನಿಗಳು ಅದರ ಕಾರಣವನ್ನು ಬಿಡಿಸಿ ಹೇಳುತ್ತಾರೆ. ಒತ್ತಡ ನಿಂತ ಕ್ಷಣದಲ್ಲಿ ತಾನು ಏನು ಮಾಡುತ್ತಿದ್ದೆನೋ ಅದೇ ಸರಿಯೆಂದು ಕುದುರೆ ಗ್ರಹಿಸುತ್ತದೆ. ಎಂದೂ ಸಡಿಲವಾಗದ ಲಗಾಮು ಅದಕ್ಕೆ ಏನನ್ನೂ ತಿಳಿಸುವುದಿಲ್ಲ. ಮೊದಲು ಅದು ಹೋರಾಡುತ್ತದೆ, ಆಮೇಲೆ ಬಾಯಿ ಗಟ್ಟಿಮಾಡಿಕೊಳ್ಳುತ್ತದೆ, ಕೊನೆಗೆ ಆಸೆಯನ್ನೇ ಬಿಟ್ಟು ಸುಮ್ಮನಾಗುತ್ತದೆ. ಆ ಸುಮ್ಮನಿರುವಿಕೆಯನ್ನು ವಿಧೇಯತೆಯೆಂದು ತಿಳಿದವರು ಎಷ್ಟೋ ಮಂದಿ.

ಬೋಶೆಯ ಪರಿವರ್ತನೆ

ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಫ್ರಾನ್ಸ್ವಾ ಬೋಶೆಯಷ್ಟು (1796–1873) ಹೊಗಳಿಕೆಯನ್ನೂ ನಿಂದೆಯನ್ನೂ ಪಡೆದ ಅಶ್ವಶಿಕ್ಷಕ ಇನ್ನೊಬ್ಬನಿಲ್ಲ. ಅವನು ಶ್ರೀಮಂತ ಮನೆತನದವನಲ್ಲ. ಪ್ಯಾರಿಸ್ಸಿನ ಸರ್ಕಸ್ಸಿನಲ್ಲಿ ಸವಾರಿಯನ್ನು ಪ್ರದರ್ಶಿಸಿ ಹೆಸರು ಮಾಡಿದವನು. ಯಾರಿಗೂ ಬಗ್ಗದೆಂದು ಕುಖ್ಯಾತವಾದ ಕುದುರೆಗಳನ್ನು ಕೆಲವೇ ವಾರಗಳಲ್ಲಿ ಪಳಗಿಸುತ್ತಿದ್ದನು. 1842ರಲ್ಲಿ ಪ್ರಕಟವಾದ ಅವನ ಪದ್ಧತಿಯ ತಿರುಳು, ಕುದುರೆಯ ಸಹಜ ಬಲಗಳನ್ನೆಲ್ಲ ಮೊದಲು ಮುರಿದು ಅವುಗಳ ಜಾಗದಲ್ಲಿ ಸವಾರನ ಇಚ್ಛೆಯನ್ನು ಸ್ಥಾಪಿಸುವುದು. ಇದಕ್ಕಾಗಿ ಕೈಯಿಂದ ತಡೆಯುತ್ತಲೇ ಹಿಮ್ಮಡಿಯ ಮುಳ್ಳಿನಿಂದ ಒತ್ತುವುದೂ ಇತ್ತು. ಫ್ರೆಂಚ್ ಸೈನ್ಯ ಅದನ್ನು ಪರೀಕ್ಷಿಸಿ ಕೊನೆಗೆ ಕೈಬಿಟ್ಟಿತು.

1855ರಲ್ಲಿ ಸರ್ಕಸ್ಸಿನ ಅಂಗಳದಲ್ಲಿ ಬೋಶೆ ಕುದುರೆಯನ್ನು ಏರಲಿದ್ದಾಗ ಮೇಲಿನಿಂದ ಭಾರವಾದ ದೀಪಗುಚ್ಛ ಕಳಚಿ ಅವನ ಮೇಲೆ ಬಿತ್ತು. ಜೀವ ಉಳಿಯಿತು, ಆದರೆ ಮೊದಲಿನ ಬಲ ಮರಳಲಿಲ್ಲ, ಸಾರ್ವಜನಿಕ ಪ್ರದರ್ಶನಗಳು ಮುಗಿದವು. ಅನಂತರದ ವರ್ಷಗಳಲ್ಲಿ ಶಾಂತವಾದ ಕುದುರೆಗಳ ಮೇಲೆ ಮೆಲ್ಲಗೆ ಅಭ್ಯಾಸ ಮಾಡುತ್ತಾ ಅವನು ತನ್ನ ಪದ್ಧತಿಯನ್ನು ಬದಲಿಸಿಕೊಂಡನು. ತಡೆಯುವ ಕೈಯನ್ನೂ ಮುನ್ನಡೆಸುವ ಕಾಲನ್ನೂ ಒಂದೇ ಕ್ಷಣದಲ್ಲಿ ಪ್ರಯೋಗಿಸಬಾರದು. ಎರಡೂ ಕೂಡಿದರೆ ಕುದುರೆಗೆ ಉತ್ತರಿಸಲು ದಾರಿಯೇ ಉಳಿಯದು ಎಂಬುದು ಈ ಎರಡನೆಯ ಪದ್ಧತಿಯ ಮೂಲಸೂತ್ರ. ಎಳೆಯದೆ ಸ್ಥಿರವಾಗಿರುವ ಕೈ, ಕುದುರೆ ಒಪ್ಪಿದೊಡನೆ ಸಡಿಲವಾಗುವ ಬೆರಳುಗಳು, ಇವು ಅದರ ಸಾಧನಗಳಾದವು.

ಮರಣಶಯ್ಯೆಯಲ್ಲಿದ್ದ ಗುರುವನ್ನು ಕಾಣಲು ಹೋದ ಶಿಷ್ಯ ಲೋಟ್ ಆ ಭೇಟಿಯನ್ನು ತನ್ನ ಸ್ಮರಣೆಗಳಲ್ಲಿ ದಾಖಲಿಸಿದ್ದಾನೆ. ಲೋಟ್ ಅಂದು ಸೈನ್ಯದ ಹಿರಿಯ ಅಧಿಕಾರಿ. ಸೋಮ್ಯೂರ್ ಅಶ್ವದಳ ಶಾಲೆಯಲ್ಲಿ ಮುಖ್ಯ ಸವಾರಿ ಶಿಕ್ಷಕನಾಗಿದ್ದವನು. ಮಾತನಾಡಲೂ ತ್ರಾಣವಿಲ್ಲದ ಬೋಶೆ ಶಿಷ್ಯನ ಕೈಯನ್ನು ಹಿಡಿದು, ಲಗಾಮು ಹಿಡಿಯುವ ಭಂಗಿಯಲ್ಲಿ ಅದನ್ನು ಸ್ಥಿರವಾಗಿ ನಿಲ್ಲಿಸಿ, ಯಾವಾಗಲೂ ಹೀಗೆ ಇರಬೇಕೆಂದು ತಿಳಿಸಿದನಂತೆ. ಬಳಿಕ ಆ ಕೈಯನ್ನು ಶಿಷ್ಯನ ಎದೆಯತ್ತ ಎಳೆದು, ಹೀಗೆ ಎಂದೂ ಕೂಡದೆಂದು ಸೂಚಿಸಿದನಂತೆ. ಮುರಿಯುವ ಶಕ್ತಿಗೆ ಹೆಸರಾಗಿದ್ದ ಶಿಕ್ಷಕನು ಕೊನೆಯದಾಗಿ ಕೊಟ್ಟುಹೋದ ಪಾಠ ಎಳೆಯದಿರುವುದು. ಅದನ್ನು ಅವನು ಕಲಿತುದು ತನ್ನ ಬಲ ಕುಂದಿದ ಮೇಲೆ ಎಂಬುದನ್ನು ಮರೆಯಲಾಗದು.

ವಿಯೆನ್ನದ ಶಾಲೆ, ಹೆಲ್ಸಿಂಕಿಯ ಸಾಕ್ಷ್ಯ

ವಿಯೆನ್ನದಲ್ಲಿ ಹದಿನಾರನೆಯ ಶತಮಾನದಿಂದ ನಡೆದುಬಂದಿರುವ ಸ್ಪ್ಯಾನಿಷ್ ಅಶ್ವಶಾಲೆ ಲಾ ಗೆರಿನಿಯೇರನ ಗ್ರಂಥವನ್ನು ಆಧಾರವಾಗಿ ಇಟ್ಟುಕೊಂಡಿರುವ ಸಂಸ್ಥೆ. 1735ರಲ್ಲಿ ಪೂರ್ಣಗೊಂಡ ಅದರ ಭವ್ಯ ಅಂಗಳವನ್ನು ಕಟ್ಟಿಸಿದವನು ಚಕ್ರವರ್ತಿ ಆರನೆಯ ಚಾರ್ಲ್ಸ್. ಸವಾರರು ಒಳಗೆ ಬರುವಾಗ ಇಂದಿಗೂ ಟೋಪಿ ತೆಗೆದು ಅವನ ಚಿತ್ರಪಟಕ್ಕೆ ವಂದಿಸುತ್ತಾರೆ. ಅಲ್ಲಿ ಲಿಪಿಜಾನರ್ ತಳಿಯ ಗಂಡು ಕುದುರೆಗಳಿಗೆ ನಾಲ್ಕನೆಯ ವಯಸ್ಸಿನ ಸುಮಾರಿಗೆ ಶಿಕ್ಷಣ ಆರಂಭವಾಗುತ್ತದೆ. ಮೊದಲ ಹಂತದಲ್ಲಿ ನೇರವಾಗಿ, ನೆಮ್ಮದಿಯಿಂದ ಮುಂದಕ್ಕೆ ನಡೆಯುವುದನ್ನು ಬಿಟ್ಟು ಹೆಚ್ಚಿನದನ್ನು ಕೇಳುವುದಿಲ್ಲ. ನಿಂತಲ್ಲಿಯೇ ಕುಕ್ಕುಲೋಟದ ಹೆಜ್ಜೆ ಹಾಕುವಂಥ ಉನ್ನತ ಮೈಕೂಡಿಕೆ ಬರುವುದು ಹಲವು ವರ್ಷಗಳ ಮೇಲೆ. ಕುದುರೆಯ ಬೆನ್ನೆಲುಬು ಪೂರ್ಣವಾಗಿ ಬಲಿಯಲು ಐದಾರು ವರ್ಷಗಳು ಬೇಕೆಂದು ಇಂದು ತಿಳಿದಿರುವುದರಿಂದ ಈ ನಿಧಾನಕ್ಕೆ ಶರೀರಶಾಸ್ತ್ರದ ಸಮರ್ಥನೆಯೂ ಇದೆ.

ಇನ್ನೂ ವಿಶೇಷವಾದುದು ಅಲ್ಲಿನ ಸವಾರರ ಶಿಕ್ಷಣ. ಹೊಸಬನು ಮೊದಲು ರಿಕಾಪೂ ಇಲ್ಲದೆ, ಲಗಾಮೂ ಇಲ್ಲದೆ, ಗುರುವು ಉದ್ದನೆಯ ಹಗ್ಗದಲ್ಲಿ ಹಿಡಿದ ಕುದುರೆಯ ಮೇಲೆ ಕುಳಿತು ತನ್ನ ಮೈಯ ಸಮತೋಲವನ್ನು ಸಾಧಿಸಬೇಕು. ತನ್ನನ್ನು ತಾನು ಹಿಡಿದುಕೊಳ್ಳಲು ಬಾರದವನು ಲಗಾಮಿಗೆ ಜೋತುಬೀಳುತ್ತಾನೆ. ಅವನ ಅಸ್ಥಿರತೆಯ ದಂಡವನ್ನು ಕುದುರೆಯ ಬಾಯಿ ತೆರಬೇಕಾಗುತ್ತದೆ. ನುರಿತ ಹಿರಿಯ ಕುದುರೆ ಎಳೆಯ ಸವಾರನಿಗೆ ಗುರು, ನುರಿತ ಸವಾರ ಎಳೆಯ ಕುದುರೆಗೆ ಗುರು ಎಂಬ ಪರಂಪರೆಯಲ್ಲಿ ವಿದ್ಯೆ ಹರಿದುಬರುತ್ತದೆ. ಫ್ರೆಂಚ್ ಸವಾರಿ ಪರಂಪರೆಯನ್ನು 2011ರ ಲ್ಲೂ ವಿಯೆನ್ನದ ಪರಂಪರೆಯನ್ನು 2015ರ ಲ್ಲೂ ಯುನೆಸ್ಕೊ ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಲಪ್ರಯೋಗ ಅನಿವಾರ್ಯವೆನ್ನುವವರಿಗೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಒಂದು ಸಾಕ್ಷ್ಯವನ್ನು ಒದಗಿಸಿತು. ಒಲಿಂಪಿಕ್ಸಿನ ಅಶ್ವಶಿಕ್ಷಣ ಸ್ಪರ್ಧೆಗೆ ಮಹಿಳೆಯರಿಗೆ ಪ್ರವೇಶ ದೊರೆತುದು ಆ ವರ್ಷವೇ ಮೊದಲು. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1944ರಲ್ಲಿ ಗರ್ಭಿಣಿಯಾಗಿದ್ದಾಗ ಪೋಲಿಯೊ ಪೀಡಿತರಾಗಿ, ಮೊಣಕಾಲಿನ ಕೆಳಗೆ ಶಕ್ತಿಯನ್ನೇ ಕಳೆದುಕೊಂಡಿದ್ದರು. ಕುದುರೆ ಏರಲೂ ಇಳಿಯಲೂ ಇತರರ ನೆರವು ಬೇಕಾಗಿತ್ತು. ಒದ್ದು ನಡೆಸಲು ಅವರ ಬಳಿ ಕಾಲಿನ ಬಲವೇ ಇರಲಿಲ್ಲ. ಮೈಯ ಭಾರವನ್ನು ಸೂಕ್ಷ್ಮವಾಗಿ ಬದಲಿಸುತ್ತಾ ಜುಬಿಲಿ ಎಂಬ ತಮ್ಮ ಹೆಣ್ಣು ಕುದುರೆಯನ್ನು ನಡೆಸಿದ ಅವರು ಬೆಳ್ಳಿಯ ಪದಕ ಗಳಿಸಿದರು. 1956ರಲ್ಲಿ ಮತ್ತೊಮ್ಮೆ ಬೆಳ್ಳಿ ಗಳಿಸಿದರು.

ಮರೆವಿನ ಮರುಕಳಿಕೆ

ಇಷ್ಟೆಲ್ಲ ಆದ ಮೇಲೂ ಎರಡನೆಯ ದಾರಿ ಮುಚ್ಚಿಹೋಗಿಲ್ಲ. ಬಹುಮಾನ, ಪ್ರತಿಷ್ಠೆ, ದುಬಾರಿ ಕುದುರೆಗಳ ವ್ಯಾಪಾರ, ಇವುಗಳ ಒತ್ತಡದಲ್ಲಿ ಕಾಯುವ ವ್ಯವಧಾನ ಕುಗ್ಗಿದೆ. ಕುದುರೆಯ ಗಲ್ಲ ಎದೆಗೆ ತಾಗುವಂತೆ ಕತ್ತನ್ನು ಬಲವಂತವಾಗಿ ಸುತ್ತಿ ಹಿಡಿಯುವ ಪದ್ಧತಿ ಸ್ಪರ್ಧೆಗಳ ಅಭ್ಯಾಸದಂಗಳದಲ್ಲಿ ಹರಡಿ, ಅಂತರರಾಷ್ಟ್ರೀಯ ಅಶ್ವಕ್ರೀಡಾ ಸಂಸ್ಥೆ 2010ರಲ್ಲಿ ಅದನ್ನು ಒಪ್ಪತಕ್ಕದ್ದಲ್ಲವೆಂದು ಘೋಷಿಸಬೇಕಾಯಿತು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸ್ಪರ್ಧೆಗೆ ಬಂದ 750 ಕುದುರೆಗಳ ಮೂಗುಪಟ್ಟಿಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ನೂರಕ್ಕೆ 44ರಷ್ಟು ಅಳತೆಯ ಪಟ್ಟಿಯ ತುದಿಯೂ ತೂರದಷ್ಟು ಬಿಗಿಯಾಗಿದ್ದವು. ಬಾಯಿ ತೆರೆದು ನೋವನ್ನು ತೋರಿಸುವ ಅವಕಾಶವೂ ಆ ಕುದುರೆಗಳಿಗೆ ಇರಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನ ಮುನ್ನಾದಿನಗಳಲ್ಲಿ, ಹಿಂದೆ ಚಿನ್ನದ ಪದಕಗಳನ್ನು ಗೆದ್ದಿದ್ದ ಸ್ಪರ್ಧಿಯೊಬ್ಬರು ತರಬೇತಿಯ ವೇಳೆ ಕುದುರೆಯ ಕಾಲುಗಳಿಗೆ ಪದೇ ಪದೇ ಚಾವಟಿಯಿಂದ ಹೊಡೆದ ಚಿತ್ರೀಕರಣ ಹೊರಬಂದು, ಸ್ಪರ್ಧೆಯಿಂದ ಹಿಂದೆ ಸರಿದರು. ಅವರಿಗೆ ಒಂದು ವರ್ಷದ ನಿಷೇಧವೂ ಆಯಿತು. ಸವಾರಿಯೇ ಸಲ್ಲದು ಎನ್ನುವವರ ವಾದವೂ ಈ ನಡುವೆ ಬಲಗೊಂಡಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಶ್ರಾವಕನ ಅಹಿಂಸಾಣುವ್ರತಕ್ಕೆ ಹೇಳಿರುವ ಅತಿಚಾರಗಳು ಸಾಕುಪ್ರಾಣಿಯ ನಿತ್ಯಜೀವನವನ್ನು ಕಣ್ಣಮುಂದೆ ಇಟ್ಟುಕೊಂಡೇ ಮೂಡಿದಂತಿವೆ. ಬಿಗಿಯಾಗಿ ಕಟ್ಟುವುದು, ಹೊಡೆಯುವುದು, ಅಂಗಗಳನ್ನು ಛೇದಿಸುವುದು, ಮಿತಿಮೀರಿ ಭಾರ ಹೊರಿಸುವುದು, ಮೇವು ನೀರನ್ನು ತಡೆಯುವುದು ಇವು ಆ ಐದು. ಕುದುರೆಯನ್ನು ಸಾಕದ ಮನೆಯಲ್ಲಿಯೂ ಅವುಗಳ ವಿಚಾರಕ್ಕೆ ಎಡೆಯಿದೆ. ಮಗುವಿಗೆ ಪಾಠ ಹೇಳುವ ತಾಯಿತಂದೆಯರು, ಕೆಲಸಗಾರರನ್ನು ನಡೆಸುವ ಯಜಮಾನರು, ಸಂಸ್ಥೆಗಳ ಹೊಣೆ ಹೊತ್ತ ಧರ್ಮದರ್ಶಿಗಳು, ಇವರೆಲ್ಲರ ಕೈಯಲ್ಲಿಯೂ ಒಂದಲ್ಲ ಒಂದು ಬಗೆಯ ಲಗಾಮು ಇದ್ದೇ ಇರುತ್ತದೆ. ಬಿಗಿಹಿಡಿದಷ್ಟು ಹೊತ್ತು ಎಲ್ಲವೂ ಕ್ರಮವಾಗಿಯೇ ಕಾಣುತ್ತದೆ.

ಆ ಕ್ರಮ ನಿಜವಾದುದೋ ತೋರಿಕೆಯದೋ ಎಂಬುದನ್ನು ತಿಳಿಯಲು ಲಾ ಗೆರಿನಿಯೇರ್ ವಿವರಿಸಿದ ಪರೀಕ್ಷೆ ಇಂದಿಗೂ ಉಪಯುಕ್ತವಾಗಿದೆ. ಕೈಯನ್ನು ತುಸು ಇಳಿಸಿ ನೋಡಬೇಕು. ಕುದುರೆ ಅದೇ ಲಯದಲ್ಲಿ ನಡೆದರೆ ಶಿಕ್ಷಣ ಫಲಿಸಿತೆಂದು ತಿಳಿಯಬಹುದು. ನಡೆಯದಿದ್ದರೆ ಲಗಾಮನ್ನು ಇನ್ನಷ್ಟು ಜಗ್ಗುವುದರಿಂದ ಪ್ರಯೋಜನವಿಲ್ಲ; ಮೊದಲಿನ ಪಾಠಕ್ಕೆ ಮರಳಿ, ಎಲ್ಲಿ ಅವಸರವಾಯಿತೆಂದು ಸವಾರನು ತನ್ನನ್ನೇ ಪರೀಕ್ಷಿಸಿಕೊಳ್ಳಬೇಕು.